ಸುಮಿತ್ರಾಳ ಟ್ರೈಲರಿಗೆ ನಾನು ಆರಿಸಿದ ಹೊದಿಕೆ

ಸುಮಿತ್ರಾ, ನಿನ್ನ ಟ್ರೈಲರನ್ನು ಕೊಳೆಸಿದವಳು ನಾನು. ಅದು ಮಳೆಯ ಕೆಲಸವಲ್ಲ, ನಿನ್ನ ಮರೆವೂ ಅಲ್ಲ. ಅತ್ತೆ ಅಂದ ಹಾಗೆ ನಿನ್ನ ಕೊಳಕುತನವಂತೂ ಅಲ್ಲವೇ ಅಲ್ಲ. ಗೊತ್ತಿದ್ದೂ, ಬೇಕೆಂದೇ, ಹಾಡುಹಗಲಲ್ಲಿ, ಬುದ್ಧಿ ಪೂರ್ತಿ ಸ್ವಾಧೀನದಲ್ಲಿದ್ದಾಗ ನಾನು ಮಾಡಿದ್ದು ಅದು. ಮಾಡಿದ ಮೇಲೆ ನಿನ್ನ ತಲೆಗೆ ಕಟ್ಟಿದೆ. ಎರಡನೆಯದು ಮೊದಲನೆಯದಕ್ಕಿಂತ ಸುಲಭವಾಗಿತ್ತು — ಒಂದೇ ಒಂದು ಪ್ರಶ್ನೆ ಕೇಳಿದೆ, ಅಷ್ಟೆ.

ನಿನ್ನ ಮಗಳು ದೀಪಾ ಆಗಿನ್ನೂ ಹುಟ್ಟಿರಲಿಲ್ಲ. ಇದು ಅವಳಿಗೂ ತಿಳಿಯಬೇಕು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಎಂಬತ್ತರ ದಶಕದ ಮಾತು. ನಾವಿಬ್ಬರೂ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಬಂದ ವಾರಗಿತ್ತಿಯರು. ನನ್ನ ಗಂಡ ದೊಡ್ಡವರು, ಅಮೆರಿಕದ ಪಾಲೋ ಆಲ್ಟೋದಲ್ಲಿ ಎಂಜಿನಿಯರು. ನಮ್ಮ ಮನೆ ಲಾಸ್ ಆಲ್ಟೋಸಿನಲ್ಲಿ — ಹುಲ್ಲುಹಾಸು, ಗುಲಾಬಿ, ಬೆಳ್ಳಗಿನ ಕಾರ್ಪೆಟ್ಟು. ಮೈದುನ ರಾಘು ಮತ್ತು ನೀನು ಕೈಗೆಟುಕುವ ಮನೆ ಹುಡುಕಿಕೊಂಡು ದಕ್ಷಿಣಕ್ಕೆ ಗಿಲ್‌ರಾಯ್‌ವರೆಗೆ ಹೋದಿರಿ. ಕಾರಿನ ಗಾಜು ಇಳಿಸಿದರೆ ಸಾಕು, ಹೊಲದ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯುವ ಊರು. ಗೆಳತಿಯರ ಹತ್ತಿರ ಫೋನಿನಲ್ಲಿ ನಿನ್ನನ್ನು ‘ನಮ್ಮ ಬೆಳ್ಳುಳ್ಳಿ ಸೊಸೆ’ ಎಂದು ಆಡಿಕೊಳ್ಳುತ್ತಿದ್ದೆ. ಅವರು ನಗುತ್ತಿದ್ದರು. ನಿನಗದು ಗೊತ್ತಿತ್ತೋ ಇಲ್ಲವೋ — ಗೊತ್ತಿದ್ದರೂ ನೀನು ತೋರಿಸಿಕೊಳ್ಳುವವಳಲ್ಲ.

ಆಮೇಲೆ ಮೈಸೂರಿನಿಂದ ಅತ್ತೆ ಬಂದರು. ಮಡಿ ಹೆಂಗಸು. ಈರುಳ್ಳಿ ಬೆಳ್ಳುಳ್ಳಿ ಹೋಗಲಿ, ಹೋಟೆಲಿನ ನೀರನ್ನೂ ಬಾಯಿಗೆ ಬಿಟ್ಟವರಲ್ಲ. ನನ್ನ ಮನೆಗೆ ಕಾಲಿಟ್ಟ ವಾರದೊಳಗೆ ಫ್ರಿಜ್ಜಿನಲ್ಲಿ ಮಕ್ಕಳ ಕೇಕಿಗೆಂದು ತಂದಿಟ್ಟ ಮೊಟ್ಟೆ ನೋಡಿಬಿಟ್ಟರು. ಅಲ್ಲಿಗೆ ಮುಗಿಯಿತು. ನಾನು ತಲೆಗೆ ನೀರು ಹಾಕಿಕೊಂಡು, ಹೊಸ ಪಾತ್ರೆಯಲ್ಲಿ ಬೇಯಿಸಿ ಬಡಿಸಿದರೂ ಎರಡು ತುತ್ತಿಗೆ ಕೈ ತೊಳೆದುಬಿಡುವರು. ಹಣ್ಣು, ಹಾಲು, ನಿಟ್ಟುಸಿರು — ಇಷ್ಟರಲ್ಲೇ ದಿನ ನೂಕಿದರು. ಅವರನ್ನು ಎಲ್ಲಿಗೂ ಕರೆದುಕೊಂಡು ಹೋಗುವಂತಿರಲಿಲ್ಲ. ಊಟಕ್ಕೇನು ಮಾಡುವುದು?

ನೀನು ಉಪಾಯ ಕಂಡುಕೊಂಡೆ. ಯಾರೋ ಮಾರುತ್ತಿದ್ದ ಹಳೆಯ ಟ್ರೈಲರು — ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿ ಮನೆ. ಒಳಗೆ ಒಲೆ, ಸಿಂಕು, ಪುಟ್ಟ ಫ್ರಿಜ್ಜು, ಎರಡು ಮಂಚ. ಮೂಲೆಮೂಲೆ ಉಜ್ಜಿ ತೊಳೆದು, ಹೊಸ ಪಾತ್ರೆ ಜೋಡಿಸಿ, ಇದರೊಳಗೆ ಮೊಟ್ಟೆ ಈರುಳ್ಳಿ ಎಂದೂ ಬರುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟೆ. ಚಕ್ರದ ಮೇಲೊಂದು ಮಡಿ ಅಡಿಗೆಮನೆ! ನನಗೆ ನಗು ಬಂತು. ನೋಡೋಣ, ಈ ಡಬ್ಬದಲ್ಲಿ ಅವರು ಉಂಡಾರೆಯೇ, ಎಂದುಕೊಂಡೆ.

ಉಂಡರು. ಮೊದಲ ಸಲ ಸಮುದ್ರದ ದಡಕ್ಕೆ ಹೋದಾಗ ನಾವು ಹಿಂದಿನ ಕಾರಿನಲ್ಲಿದ್ದೆವು. ನೀನು ತೊವ್ವೆ, ಸಾರು, ಹುರುಳಿಕಾಯಿ ಪಲ್ಯ ಮಾಡಿದ್ದೆ. ಅತ್ತೆ ಅಮೆರಿಕಕ್ಕೆ ಬಂದ ಮೇಲೆ ಮೊದಲ ಬಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಸಾರು ಸುರಿದು ತಿಂದು, ನಮ್ಮೆಲ್ಲರ ಮುಂದೆ ಅಂದರು:

“ದೊಡ್ಡವಳ ಮನೇಲಿ ಎಲ್ಲಾ ಇದೆ ಕಣ್ರೋ. ಆದ್ರೆ ಊಟ ಅಂತ ಮಾಡಿದ್ದು ಇವತ್ತೇ.”

ನಾನು ಹೊರಗೆ ತಟ್ಟೆ ತೊಳೆಯುತ್ತಿದ್ದೆ. ತಲೆಯೆತ್ತಿ ನಕ್ಕೆ. ಆ ನಗು — ಅದನ್ನು ಮುಖದ ಮೇಲೆ ನಿಲ್ಲಿಸಿಕೊಳ್ಳಲು ಪಟ್ಟ ಪಾಡು ನನಗೇ ಗೊತ್ತು. ನಿನ್ನ ಮೇಲೆ ಹೊಟ್ಟೆಕಿಚ್ಚು ಎನ್ನುವುದು ಸಣ್ಣ ಮಾತಾಯಿತು. ನೀನು ಇಲ್ಲದಿದ್ದರೆ ಎಷ್ಟು ಚೆನ್ನ ಅನ್ನಿಸಿತ್ತು.

ಅತ್ತೆಗೆ ಆಸೆ ಹತ್ತಿತು. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಲ್ಲವೇ, ಅದು ಕಳೆಯಲಿ, ಆಮೇಲೆ ಟ್ರೈಲರಿನಲ್ಲೇ ದೊಡ್ಡ ಮರಗಳ ಕಾಡಿಗೆ ಹೋಗಿ ಬರೋಣ, ಅದೊಂದನ್ನು ನೋಡಿ ಊರಿಗೆ ಹೊರಡುತ್ತೇನೆ ಎಂದರು. ನೀನು ದೊಡ್ಡ ಹಬ್ಬಕ್ಕೆ ಸಜ್ಜಾಗುವಂತೆ ಸಜ್ಜಾದೆ. ಹುಳಿಪುಡಿ, ಸಾರಿನಪುಡಿ ಕೂಡ ಅಷ್ಟು ಮುಂಚೆಯೇ ಮಾಡಿಟ್ಟೆ.

ಅಷ್ಟರಲ್ಲಿ ಮೈಸೂರಿನಲ್ಲಿ ನಿನ್ನ ತಾಯಿಗೆ ಕಾಯಿಲೆ ಜೋರಾಯಿತು. ನೀನು ರಾಘುವನ್ನು ಕರೆದುಕೊಂಡು ಹೊರಟೆ. ಅತ್ತೆಯನ್ನು ನನ್ನ ಮನೆಯಲ್ಲಿ ಬಿಟ್ಟು, ಗಿಲ್‌ರಾಯ್ ಮನೆಯ ಬೀಗದ ಕೈ ಕೊಟ್ಟು, ಕಣ್ಣು ಒರೆಸಿಕೊಳ್ಳುತ್ತ ಹೇಳಿದೆ: “ಅಕ್ಕಾ, ಮಳೆ ಶುರುವಾಗೋದ್ರೊಳಗೆ ಟ್ರೈಲರಿಗೆ ಒಂದು ಒಳ್ಳೆ ಕವರು ನೋಡಿ ಹೊದಿಸಿಬಿಡಿ. ಬಟ್ಟೆ ವಿಷಯ ನಿಮಗೆ ಗೊತ್ತಾಗೋಷ್ಟು ನಂಗೆ ಗೊತ್ತಾಗಲ್ಲ.”

ನಿಜ, ಬಟ್ಟೆಯ ವಿಷಯ ನನಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಎರಡು ಥರದವು ಇದ್ದವು. ಒಂದು ಬೂದು ಬಣ್ಣದ ಬಟ್ಟೆಯದು, ಮುಟ್ಟಿದರೆ ಮೆತ್ತಗೆ. ಇನ್ನೊಂದು ನೀಲಿ ಪ್ಲಾಸ್ಟಿಕ್ಕಿನದು, ಗಟ್ಟಿ, ಹೊಳೆಯುವಂಥದ್ದು. ಅಂಗಡಿಯವನು ನಿಧಾನವಾಗಿ ತಿಳಿಸಿ ಹೇಳಿದ. ಬಟ್ಟೆಯದಾದರೆ ಉಸಿರಾಡುತ್ತದೆ, ಮಳೆ ತಡೆಯುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಪ್ಲಾಸ್ಟಿಕ್ಕಿನದು ನೀರನ್ನು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಚಳಿಗಾಲ ಪೂರ್ತಿ ಬಿಗಿಯಾಗಿ ಹೊದಿಸಿಟ್ಟರೆ ಬೂಷ್ಟು ಹಿಡಿದು ಒಳಗಿನ ಮರ ಮೆತ್ತಗಾಗುತ್ತದೆ. ಯಾವುದೇ ಆಗಲಿ, ಹೊದಿಸುವ ಮುಂಚೆ ಒಳಗೆಲ್ಲ ಚೆನ್ನಾಗಿ ಒಣಗಿರಬೇಕು, ಫ್ರಿಜ್ಜಿನ ಬಾಗಿಲು ತೆರೆದಿರಬೇಕು ಎಂದೂ ಹೇಳಿದ. ನಾನು ಬೂದು ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿದೆ. ಉಸಿರು ಆಚೆಯ ಅಂಗೈಗೆ ತಾಕಿತು.

ನೀಲಿಯದನ್ನು ಕಟ್ಟಿಸಿಕೊಂಡೆ. ದುಡ್ಡಿಗಾಗಿ ಅಲ್ಲ — ಆ ನೆಪ ನನಗೆ ಬೇಡ.

ಅತ್ತೆಯನ್ನು ಕೂರಿಸಿಕೊಂಡು ಗಿಲ್‌ರಾಯ್‌ಗೆ ಹೋದೆ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಾರಿನಿಂದ ಇಳಿದರು. ಟ್ರೈಲರಿನ ಒಳಗೆ ಹೋದವರೇ ಸೆರಗು ಬಿಟ್ಟರು. ಅಷ್ಟು ಚೊಕ್ಕಟವಾಗಿತ್ತು. ನೀನು ಫ್ರಿಜ್ಜು ಖಾಲಿ ಮಾಡಿ, ಒರೆಸಿ, ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ಟವಲನ್ನು ಸುರುಳಿ ಸುತ್ತಿ ಸಿಕ್ಕಿಸಿ ಹೋಗಿದ್ದೆ. ತಾಯಿ ಸಾಯುತ್ತಿದ್ದಾಳೆಂದು ತಿಳಿದೂ ಅದನ್ನು ಮಾಡಿ ಹೋಗಿದ್ದೆ. ನಾನು ಕಣ್ಣಾರೆ ನೋಡಿದೆ, ಸುಮಿತ್ರಾ.

ಅತ್ತೆ ಅಂದರು, ಮನೆಗೆ ಬೀಗ ಹಾಕೋಕ್ಮುಂಚೆ ತೊಳೆಯದೆ ಇರಬಾರದು. ಅವರಿಗೆ ಗೊತ್ತಿದ್ದುದು ಮೈಸೂರಿನ ಮನೆ. ಕಲ್ಲಿನ ನೆಲ, ಮೂಲೆಯಲ್ಲಿ ಬಚ್ಚಲ ಕಿಂಡಿ. ಕೊಡಗಟ್ಟಲೆ ನೀರು ಸುರಿದು ಪೊರಕೆಯಲ್ಲಿ ತಳ್ಳಿದರೆ ಮುಗಿಯಿತು. ಇಲ್ಲಿ ಪ್ಲೈವುಡ್ಡಿನ ಮೇಲೆ ತೆಳುವಾದ ಹಾಸು, ನೀರು ಹೋಗಲು ಕಿಂಡಿಯೇ ಇಲ್ಲ. ಅತ್ತೆ ಸೆರಗು ಸಿಕ್ಕಿಸಿ ನಿಂತರು. ಬಕೀಟು ತುಂಬಿಸಿ ತುಂಬಿಸಿ ಕೊಟ್ಟವಳು ನಾನು. ನೀರು ಹಾಸಿನ ಅಂಚಿನಿಂದ ಕೆಳಗಿಳಿಯುವುದು ಕಾಣುತ್ತಿತ್ತು. “ಅತ್ತೆ, ಇದು ಮರ, ಒರೆಸಿದರೆ ಸಾಕು” — ಈ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. “ಇನ್ನೊಂದು ಬಕೀಟು ಹಾಕ್ಲಾ ಅತ್ತೆ?” ಎಂದೆ.

ಎರಡು ದಿನ ಬಾಗಿಲು ತೆರೆದಿಟ್ಟಿದ್ದರೆ ಒಣಗುತ್ತಿತ್ತೋ ಏನೋ. ಅತ್ತೆಯನ್ನು ಮನೆಯೊಳಗೆ ಕೂರಿಸಿ ಬಂದು ನಾನು ಕಿಟಕಿಗಳನ್ನು ಮುಚ್ಚಿದೆ, ಮೇಲಿನ ಗಾಳಿಗಂಡಿಯನ್ನೂ ಮುಚ್ಚಿದೆ. ಫ್ರಿಜ್ಜಿನ ಟವಲು ತೆಗೆದೆ. ನೆಲ ಒರೆಸಿದ ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಅದರೊಳಗಿಟ್ಟು ಬಾಗಿಲು ಒತ್ತಿದೆ. ಆಮೇಲೆ ನೀಲಿ ಹೊದಿಕೆ ಎಳೆದು, ಕೆಳಗೆಲ್ಲ ಹಗ್ಗ ಬಿಗಿದು ಗಂಟು ಹಾಕಿದೆ. ಕೆಲವು ವಾರ ಕಳೆದು, ನಿನಗಿಂತ ಮೊದಲೇ ವಾಪಸು ಬಂದ ರಾಘು ಅದನ್ನು ನೋಡಿ, “ಅತ್ತಿಗೆ, ಎಷ್ಟು ನೀಟಾಗಿ ಕಟ್ಟಿದೀರಿ!” ಎಂದ.

ಆ ಚಳಿಗಾಲ ಮಳೆ ಸುರಿದಾಗಲೆಲ್ಲ ನನ್ನ ಮನಸ್ಸು ಚುಚ್ಚುತ್ತಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಚುಚ್ಚಲಿಲ್ಲ. ಬಿಸಿಲು ಬಂದ ದಿನ ಇನ್ನೂ ಖುಷಿ — ಈಗ ಒಳಗೆ ಬೇಯುತ್ತಿರುತ್ತದೆ, ಎಂದುಕೊಂಡು ತರಕಾರಿ ಹೆಚ್ಚುತ್ತಿದ್ದೆ.

ನೀನು ತಾಯಿಯ ಕರ್ಮಾಂತರ ಮುಗಿಸಿ ಮಾರ್ಚಿನಲ್ಲಿ ಬಂದೆ. ಇಷ್ಟಾಗಿದ್ದೆ, ಸೊರಗಿ. ಬಂದ ಭಾನುವಾರವೇ ಎಲ್ಲರೂ ಗಿಲ್‌ರಾಯ್‌ನಲ್ಲಿ ಸೇರಿದೆವು. ದೊಡ್ಡ ಮರಗಳ ಪ್ರವಾಸಕ್ಕೆ ಟ್ರೈಲರು ತೆರೆಯಬೇಕಲ್ಲ. ರಾಘು ಹೊದಿಕೆ ಎಳೆದು ಬಾಗಿಲು ತೆಗೆದ. ಆ ನಾತ! ಗೋಡೆಯಲ್ಲೆಲ್ಲ ಕಪ್ಪು ಬೂಷ್ಟು. ಕಾಲಿಟ್ಟರೆ ನೆಲ ಕುಸಿಯಿತು. ಅತ್ತೆ ನಿಂತಲ್ಲೇ “ಶಿವಶಿವಾ” ಎಂದರು. ನೀನು ಬಾಯಿಗೆ ಕೈ ಇಟ್ಟುಕೊಂಡು ಫ್ರಿಜ್ಜು ತೆರೆದೆ. ಅದರೊಳಗಿದ್ದುದು ಏನೆಂದು ಯಾರಿಗೂ ಗುರುತು ಹಿಡಿಯಲಾಗಲಿಲ್ಲ, ಅಷ್ಟು ಕಪ್ಪಾಗಿ, ಲೋಳೆಯಾಗಿ —

ಆಗ ನಾನು ಕೇಳಿದೆ. ದನಿಯಲ್ಲಿ ಎಷ್ಟು ಅಕ್ಕರೆ!

“ಹೋಗೋಕ್ಮುಂಚೆ ಫ್ರಿಜ್ಜು ಖಾಲಿ ಮಾಡಿದ್ಯೇನೇ, ಸುಮಿತ್ರಾ?”

ನೀನು ನನ್ನ ಮುಖ ನೋಡಿದೆ. ತಾಯಿಯನ್ನು ಸುಟ್ಟು ಬಂದವಳು, ನಿದ್ದೆಗೆಟ್ಟವಳು. “ಮಾಡಿದ್ದೆ ಅನ್ಸತ್ತೆ ಅಕ್ಕಾ… ಹೊರಡೋ ಗಡಿಬಿಡೀಲಿ… ಮಾಡಿದ್ನೋ ಇಲ್ವೋ…”

“ಅನ್ಸತ್ತೆ ಅಂದ್ರೇನು?” ಅತ್ತೆ ಬಾಗಿಲಿನಿಂದ ಹಿಂದೆ ಸರಿದರು. “ಇಷ್ಟು ಗಲೀಜು ಇಟ್ಕೊಂಡೇ ನಂಗೆ ಬಡಿಸ್ತಿದ್ಯಾ? ಇಷ್ಟು ದಿನ ನಾನು ತಿಂದಿದ್ದು ಇದನ್ನೇನಾ?”

ನಾನು ನಿನ್ನ ಪಕ್ಕಕ್ಕೆ ಬಂದು ನಿಂತೆ. ನಿನ್ನ ಬೆನ್ನು ಸವರಿದೆ ಕೂಡ.

ಅತ್ತೆ ನಿನ್ನ ಕೈಯ ನೀರನ್ನೂ ಮುಟ್ಟಲಿಲ್ಲ. ಮರಗಳನ್ನು ನೋಡದೆಯೇ ಊರಿಗೆ ಹೋದರು. ಕೆಲವು ವರ್ಷಕ್ಕೆ ತೀರಿಕೊಂಡರು. ಊರಿಗೆ ಹೊರಡುವವರೆಗೂ ನಾನು ಬಡಿಸಿದ್ದನ್ನು ಅವರೇನೂ ಚಪ್ಪರಿಸಿ ತಿನ್ನಲಿಲ್ಲ, ಉಪ್ಪು ಜಾಸ್ತಿ ಅನ್ನುವುದನ್ನೂ ಬಿಡಲಿಲ್ಲ. ನನಗೆ ಸಿಕ್ಕಿದ್ದು ಅಷ್ಟೇ.

ನೀನು ಕಳೆದುಕೊಂಡದ್ದನ್ನು ಮಾತ್ರ ನಾನು ಹತ್ತಿರದಿಂದ ನೋಡುತ್ತಲೇ ಬಂದೆ. ನಮ್ಮವರಲ್ಲೆಲ್ಲ ನಿನ್ನಷ್ಟು ಚೆನ್ನಾಗಿ ಅಡಿಗೆ ಮಾಡುವವರಿರಲಿಲ್ಲ. ಆ ವರ್ಷದಿಂದ, ಎಲ್ಲರೂ ಒಂದೊಂದು ಅಡಿಗೆ ಮಾಡಿ ತರುವ ಯುಗಾದಿಯ ಪಾಟ್‌ಲಕ್ಕಿಗೆ ನೀನು ಪೇಪರು ತಟ್ಟೆ, ಸೋಡಾ ಬಾಟಲಿ ತರತೊಡಗಿದೆ. ಹೋಳಿಗೆ ಎಲ್ಲೇ ಎಂದು ಯಾರಾದರೂ ಕೇಳಿದರೆ ನಗುತ್ತಿದ್ದೆ. ಅತ್ತೆಯ ವೈದಿಕದ ದಿನ ಒಲೆಯ ಹತ್ತಿರ ಬಾ ಎಂದರೆ, “ನಾನು ಬೇಡ ಅಕ್ಕಾ, ನೀವೇ ಮಾಡಿ, ನನ್ನ ಕೈ ಸರಿಯಿಲ್ಲ” ಎಂದು ದೂರ ಕೂತು ಬಾಳೆಲೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದೆ. ನಾನು ಹುಳಿಗೆ ಒಗ್ಗರಣೆ ಹಾಕಿದೆ. ಎಷ್ಟು ಸಲ ಬಾಯಿ ತೆರೆಯಬಹುದಿತ್ತು…

ಕಳೆದ ತಿಂಗಳು ನಿನ್ನ ಮನೆಗೆ ಬಂದಿದ್ದಾಗ ನೀನು ಹಾಲನ್ನು ಮೂಸಿ, ನನ್ನ ಕೈಗೆ ಕೊಟ್ಟು ಮೂಸಿಸಿ, ಲೋಟವನ್ನು ಪುನಃ ತೊಳೆಯಲು ಹೋದೆ. ದೀಪಾ ನಗುತ್ತ ಇಂಗ್ಲಿಷಿನಲ್ಲಿ ನನಗೆ ಹೇಳಿದಳು, ಅಮ್ಮ ಯಾವಾಗಲೂ ಹೀಗೇ, ಚಿಕ್ಕಂದಿನಲ್ಲಿ ನನ್ನ ಲಂಚ್ ಬಾಕ್ಸನ್ನು ದಿನಾ ಬಿಸಿಲಿಗಿಟ್ಟು ಕಾಯಿಸುತ್ತಿದ್ದಳು ಅಂತ. ನೀನೂ ನಕ್ಕೆ, ತಪ್ಪು ಮಾಡಿದವಳ ಥರ. ಆಗ ನನಗೆ ತಡೆಯಲಾಗಲಿಲ್ಲ. ದೀಪಾ ಎದ್ದು ಹೋದ ಮೇಲೆ ಹೇಳಿಬಿಟ್ಟೆ. ಪ್ಲಾಸ್ಟಿಕ್ಕು, ನೀರು, ಒದ್ದೆ ಬಟ್ಟೆ, ಎಲ್ಲ.

ಬಯ್ಯುತ್ತೀಯ ಎಂದುಕೊಂಡಿದ್ದೆ. ನೀನು ನನ್ನ ಕೈ ಹಿಡಿದುಕೊಂಡೆ.

“ಇರ್ಲಿ ಬಿಡಿ ಅಕ್ಕಾ. ನನ್ನ ಮನಸ್ಸು ಹಗುರ ಮಾಡೋಕೆ ನೀವು ಇಷ್ಟೆಲ್ಲ ಕಟ್ಟಬೇಕಾ? ನಾನು ಆವತ್ತು ಫ್ರಿಜ್ಜು ತೊಳ್ದಿರ್ಲಿಲ್ಲ. ನಂಗೆ ಚೆನ್ನಾಗಿ ಜ್ಞಾಪಕ ಇದೆ.”

ಜ್ಞಾಪಕ ಇದೆಯಂತೆ! ನಡೆಯದೇ ಇದ್ದದ್ದು ನಿನಗೆ ಜ್ಞಾಪಕ ಇದೆ. ಅಷ್ಟು ಚೆನ್ನಾಗಿ ಮಾಡಿದ್ದೇನೆ ನನ್ನ ಕೆಲಸವನ್ನು. ಅದರ ಮೇಲೆ ನೀನು ನನ್ನನ್ನು ದೇವರಂಥವಳು ಎಂದೆ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನೀನು ನನ್ನ ತಲೆಯ ಮೇಲೆ ಹಾಕಬೇಕಾಗಿರಲಿಲ್ಲ.

ಅದಕ್ಕೇ ಇದನ್ನು ಬರೆದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನನ್ನನ್ನು ನಂಬದೆಯೇ ಕೊಟ್ಟುಬಿಡುತ್ತೀಯ. ಅದು ನನಗೆ ಬೇಡ. ಬರುವ ಭಾನುವಾರ ಮನೆಗೆ ಬಂದು, ದೀಪಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ಓದುತ್ತೇನೆ. ಅವಳಿಗೆ ತಿಳಿಯದ ಕಡೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ನೀನು ಮತ್ತೆ “ಇರ್ಲಿ ಬಿಡಿ” ಎನ್ನುತ್ತೀಯ, ಗೊತ್ತು. ಅದರ ಮುಂದಿನ ಭಾನುವಾರವೂ ಬರುತ್ತೇನೆ. ನಿನಗೆ ನನ್ನ ಮೇಲೆ ಸಿಟ್ಟು ಬರುವ ತನಕ ಬಂದು ಓದುತ್ತೇನೆ.