ಬೆನ್ನ ಮೇಲಿನ ಹೆಸರು

ನಮ್ಮ ಕಡೆ ಯಾರಾದರೂ ಏನಾದರೂ ಕೊಡಿಸಿದರೆ ಅದರ ಮೇಲೆ ಅವರ ಹೆಸರು ಬರೆಸಲೇಬೇಕು. ದೇವಸ್ಥಾನದ ಟ್ಯೂಬ್‌ಲೈಟಿನಲ್ಲಿ ದಾನಿಯ ಹೆಸರು ಎಷ್ಟು ದಪ್ಪಗಿರುತ್ತದೆಂದರೆ, ಬೆಳಕು ಅದರ ಆಚೀಚೆಯಿಂದ ನುಸುಳಿಕೊಂಡು ಬರಬೇಕು. ಹೊಳೆನರಸೀಪುರದ ನಮ್ಮ ಕಾಲೇಜಿನ ಕಬಡ್ಡಿ ಹುಡುಗರು ಮಾಡಿದ್ದೂ ಅದನ್ನೇ. ಅವರಿಗೆ ಆಟ ಕಲಿಸುವವನು ನಾನು. ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗ ಟಿ.ವಿ.ಯಲ್ಲಿ ಬರುವ ದೊಡ್ಡ ಲೀಗಿಗೆ ಆಯ್ಕೆಯಾದ. ಮರೆಯದೆ ತಂಡಕ್ಕೆಲ್ಲ ಹೊಸ ಜೆರ್ಸಿ ಕಳಿಸಿದ. ಹುಡುಗರು ಒಂದೊಂದರ ಬೆನ್ನಿಗೂ ಅವನ ಹೆಸರು ಅಚ್ಚು ಹಾಕಿಸಿಕೊಂಡರು. ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ‘ನಮ್ಮ ಕಾಲೇಜಿನ ಹೆಮ್ಮೆ’ ಎಂದು ಅವನ ಪಕ್ಕ ನನ್ನ ಫೋಟೋವೂ ಬಂತು. ನಾನೇನು ಬೇಡ ಅನ್ನಲಿಲ್ಲ.

ಕಳೆದ ವರ್ಷ ಅವನು ಹಾಸನದಲ್ಲಿ ಕಾರು ನಿಲ್ಲಿಸುವ ಜಗಳದಲ್ಲಿ ಒಬ್ಬ ಆಟೋದವನ ಕಪಾಳಕ್ಕೆ ಹೊಡೆದ. ಆಟೋದವನು ಇವನ ಅಪ್ಪನ ವಯಸ್ಸಿನವನು, ಬಾಗೂರಿನವನು. ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಆ ವಿಡಿಯೋ.

ಗ್ರಹಚಾರಕ್ಕೆ ಮುಂದಿನ ವಾರವೇ ಬಾಗೂರಿನಲ್ಲಿ ಟೂರ್ನಮೆಂಟು. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಅಲ್ಲಿಗೆ ಬರುವವರಿದ್ದರು. ಮಲ್ಲಿಪಟ್ಟಣದವನಾದ ನಮ್ಮ ನಾಯಕ ಕೊನೆಯ ವರ್ಷದಲ್ಲಿದ್ದ. ಅವನಿಗೆ ಉಳಿದಿದ್ದು ಅದೊಂದೇ ಅವಕಾಶ.

ಅಂಕಣದ ಹತ್ತಿರ ಹೋಗುತ್ತಲೇ ಊರಿನ ಯಜಮಾನರೊಬ್ಬರು ಕೈ ಅಡ್ಡ ಹಿಡಿದರು.

“ಬನ್ನಿ ಮೇಷ್ಟ್ರೇ, ಕಾಪಿ ಕುಡೀರಿ. ಆ ಎಸ್ರು ಒತ್ಕಂಡು ಮಾತ್ರ ನಮ್ಮೂರ್ ಮಣ್ಣಿಗೆ ಇಳೀಬ್ಯಾಡಿ.”

“ಒಡ್ದೋನು ಅವ್ನು ಕಣಣ್ಣ. ಈ ಐಕ್ಳು ಏನ್ ಮಾಡಿದ್ವು?”

“ಅವ್ನು ಗೆದ್ದಾಗ ಫೋಟೋ ಆಕುಸ್ಕಂಡೋರು ಯಾರು ಮತ್ತೆ?”

ನಾನು ಪಕ್ಕಕ್ಕೆ ಬಂದು ಜೆರ್ಸಿ ಕಳಿಸಿದವನಿಗೇ ಫೋನು ಮಾಡಿದೆ. “ನಿನ್ ಎಸ್ರು ನೋಡಿ ನಮ್ಮನ್ನ ಇಳೀಬ್ಯಾಡಿ ಅಂತಾವ್ರೆ, ಒಂದ್ಸಲ ಬಂದು ಆ ಆಟೋದವ್ನ ಮಾತಾಡ್ಸ್ಕಂಡು ಓಗ್ಲಾ” ಅಂದೆ.

“ಪ್ರಾಕ್ಟೀಸ್ ಐತೆ ಸಾ. ನಾನ್ ಒಡ್ದಿದ್ಕೂ ಕಾಲೇಜ್ಗೂ ಏನ್ ಸಂಬಂಧ? ಅವ್ರು ಸುಮ್ನೆ ಎದುರುಸ್ತಾವ್ರೆ.”

ಕೊನೆಗೆ ಹುಡುಗರು ಜೆರ್ಸಿ ಬಿಚ್ಚಿ ಚೀಲಕ್ಕೆ ತುರುಕಿದರು. ಬನಿಯನ್ನಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರು ಗೀಚಿಕೊಂಡು ಇಳಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ನಾಯಕ ಮೊದಲ ರೈಡಿಗೆ ಹೋದ. ಅವನ ಕೈ ಒಳ್ಳೆ ಹಾವಿನ ಹಾಗೆ ಹರಿಯುತ್ತಿತ್ತು. ಎದುರಿನವನ ಕೆನ್ನೆ ಸವರಿ ಗೆರೆಗೆ ವಾಪಸು ಬಂದ. ಕಬಡ್ಡಿಯಲ್ಲಿ ಕೆನ್ನೆಗೆ ಕೈ ತಾಗುವುದು ಏನೂ ದೊಡ್ಡದಲ್ಲ. ಜನರ ನಡುವಿನಿಂದ ಒಬ್ಬ ಕೂಗಿದ: “ನೋಡ್ರಲಾ, ಇವ್ನೂ ಕಪಾಳಕ್ಕೇ ಕೈ ಆಕ್ತಾನೆ! ಆ ಕಾಲೇಜಲ್ಲಿ ಅದೇ ಪಾಠ ಕಣ್ಲಾ!”

ಎಲ್ಲರೂ ಗೊಳ್ಳೆಂದರು. ಹುಡುಗ ತಲೆ ತಗ್ಗಿಸಿದ. ಆಮೇಲೆ ಅವನ ಕೈ ಎದೆಯಿಂದ ಮುಂದಕ್ಕೆ ಹೋಗಲೇ ಇಲ್ಲ. ಬರೀ ಕಾಲಿನಲ್ಲಿ ಮುಟ್ಟಲು ನೋಡುತ್ತಿದ್ದ, ಸಿಕ್ಕಿಬೀಳುತ್ತಿದ್ದ. “ಕೈ ಚಾಚ್ಲಾ!” ಎಂದು ಗಂಟಲು ಹರಿದುಕೊಂಡೆ. ಸೋತೆವು. ಆರಿಸುವವರು ಎದುರು ತಂಡದವರನ್ನು ಕರೆದು ಮಾತನಾಡಿಸಿದರು. ನಮ್ಮ ಕಡೆ ತಿರುಗಲಿಲ್ಲ.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ನಾಯಕ ನನ್ನ ಪಕ್ಕ ಕೂತ. “ಕೈ ಎತ್ತುದ್ರೆ ಆ ವಿಡಿಯೋದಲ್ಲಿದ್ದ ಯಪ್ಪನ ಮಕನೇ ಕಾಣೋದು ಸಾ” ಅಂದ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಜೆರ್ಸಿ ಕಳಿಸಿದವನೇ. ನಾನು ಫೋನನ್ನು ನಾಯಕನ ಕೈಗೆ ಕೊಟ್ಟೆ.

“ಆಡುದ್ವಿ ಅಣ್ಣ. ಸೋತ್ವಿ... ಇಲ್ಲ ಬಿಡಣ್ಣ, ಯಾರೂ ಏನೂ ಅನ್ಲಿಲ್ಲ. ಊಟ ಆಯ್ತಾ?”

ಫೋನು ವಾಪಸು ಕೊಟ್ಟು ಕಿಟಕಿಯ ಕಡೆ ತಿರುಗಿಕೊಂಡ. ನಾನು ಕಿವಿಗಿಟ್ಟುಕೊಂಡೆ.

“ನೋಡುದ್ರಾ ಸಾ,” ಅನ್ನುತ್ತಿದ್ದ ಅವನು, “ಸುಮ್ನೆ ಎದುರುಸ್ತಾವ್ರೆ ಅಂತ ನಾನ್ ಯೋಳ್ಲಿಲ್ವಾ?”