‘ನೀರು ಬಂತು’ ಎನ್ನಬಾರದ ವಾರ್ಡು

ಇನ್ನೂ ಬೆಳಕು ಹರಿದಿಲ್ಲ. ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನ ಹಿಂದೆ ಆಯಾ ಒಬ್ಬರು ಒಂದೇ ಕೈಯಲ್ಲಿ ನಲ್ಲಿಯ ಬಾಯಿಗೆ ಬಟ್ಟೆ ಸುತ್ತುತ್ತಿದ್ದಾರೆ. ನೀರು ಬಿದ್ದರೂ ಸದ್ದಾಗಬಾರದು. ರೋಗಿಗಳಿಂದ ಡಾಕ್ಟರವರೆಗೆ ಎಲ್ಲರಿಗೂ ಇವರು ದೊಡ್ಡಮ್ಮ. ಬಕೆಟ್ಟು ತುಂಬಿದರೆ ಜೊತೆಯ ಇನ್ನೊಬ್ಬ ಆಯಾಗೆ ಕಣ್ಸನ್ನೆ ಮಾಡುತ್ತಾರೆ, ಅಷ್ಟೆ.

ಬಾಯಿ ಬಿಟ್ಟರೆ ಏನಾಗುತ್ತದೆಂದು ಒಮ್ಮೆ ನೋಡಿಯಾಗಿದೆ. ಆ ಜೊತೆಯವಳು ಹೊಸದರಲ್ಲಿ ಮನೆಯ ರೂಢಿಯಂತೆ “ನೀರು ಬಂತು!” ಎಂದು ಕೂಗಿಬಿಟ್ಟಳು. ವಾರ್ಡಿನಲ್ಲಿದ್ದವರೆಲ್ಲ ಒಟ್ಟಿಗೇ ಮಂಚದ ಮೇಲೆ ಎದ್ದು ನಿಂತರು. ಒಬ್ಬರೂ ಕಿರುಚಲಿಲ್ಲ. ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು, ಒಣ ನೆಲವನ್ನೇ ದಿಟ್ಟಿಸುತ್ತಾ ಮಧ್ಯಾಹ್ನದವರೆಗೆ ನಿಂತರು. ಹಾವು ತುಳಿದವರಿಗೆ ಹಗ್ಗ ಕಂಡರೂ ಭಯವಂತೆ. ಇಲ್ಲಿ ಹಗ್ಗವೂ ಬೇಕಿಲ್ಲ, ಮಾತೇ ಸಾಕು.

“ಪ್ರವಾಹ ಬಂದಾಗ ಇಲ್ಲಿಗೆ ಯಾರೂ ಬರ್ಲಿಲ್ಲ. ತಲೆ ಕೆಡಿಸ್ಕೊಳ್ಳೋಕೂ ಪುರುಸೊತ್ತಿರ್ಲಿಲ್ಲ ನೋಡಿ” ಎಂದು ದೊಡ್ಡಮ್ಮ ನಗುತ್ತಾರೆ. “ನೀರು ಇಳೀತು, ಪರಿಹಾರ ಶಿಬಿರ ಮುಚ್ಚಿದ್ರು. ಆಮೇಲೆ ಒಬ್ಬೊಬ್ರೇ ಬಂದ್ರು.” ಮೂವತ್ತು ಮಂಚದ ವಾರ್ಡಿನಲ್ಲಿ ಈಗ ಐವತ್ತು ಜನ. ಆಯಾಗಳು ಮಾತ್ರ ಆಗಲೂ ಇಬ್ಬರು, ಈಗಲೂ ಇಬ್ಬರು.

ಹಾಗೆ ಬಂದವರಲ್ಲಿ ಒಬ್ಬಳು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿಕೊಂಡೇ ಇದ್ದಳು. ಪ್ರವಾಹದಲ್ಲಿ ಹಸುಗೂಸನ್ನು ಹಾಗೆ ಎತ್ತಿ ಹಿಡಿದವಳು. ಕೂಸು ಯಾವಾಗ ಕೈಜಾರಿತೋ ಅವಳಿಗೆ ಗೊತ್ತಿಲ್ಲ. ಊಟಕ್ಕೂ ಕೈ ಇಳಿಸಳು, ತಿನ್ನಿಸಹೋದರೆ ಬಾಯಿ ತೆರೆಯಳು. ಹೀಗೇ ಆದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು.

ದೊಡ್ಡಮ್ಮ ಮಂಚ ಹತ್ತಿ ಅವಳ ಪಕ್ಕ ನಿಂತರು. “ಕೊಡಮ್ಮ ಇಲ್ಲಿ, ಮಗೂನ ನಾನು ಎತ್ಕೋತೀನಿ. ನೀನು ಎರಡು ತುತ್ತು ತಿನ್ನು.”

ಅವಳು ಏನೂ ಇಲ್ಲದ್ದನ್ನು ಜೋಪಾನವಾಗಿ ಇಳಿಸಿ ಕೊಟ್ಟಳು. “ಹುಷಾರು, ಇನ್ನೂ ಕತ್ತು ನಿಂತಿಲ್ಲ” ಎಂದಳು. ಆಸ್ಪತ್ರೆಯಲ್ಲಿ ಅವಳಾಡಿದ ಮೊದಲ ಮಾತು ಅದು.

ಅಂದಿನಿಂದ ಅವಳು ಉಣ್ಣುವಾಗಲೆಲ್ಲ ದೊಡ್ಡಮ್ಮ ಎಡಗೈ ಮಡಚಿಕೊಂಡೇ ನೆಲ ಒರೆಸಿದರು, ಹಾಸಿಗೆ ಬದಲಿಸಿದರು. ದಿನ ಕಳೆದಂತೆ ಉಂಡ ಮೇಲೂ ಅವಳು ಮಗುವನ್ನು ವಾಪಸ್ ಇಸಿದುಕೊಳ್ಳುವುದನ್ನು ಬಿಟ್ಟಳು. ಅವರು ಹತ್ತಿರ ಬಂದರೆ ಉಳಿದ ರೋಗಿಗಳು ದನಿ ತಗ್ಗಿಸುತ್ತಿದ್ದರು. ಮಲಗಿದ ಮಗು ಎದ್ದೀತೆಂದು.

ಹೋದ ವಾರ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಅಷ್ಟರಲ್ಲಿ ಮೈಕೈ ತುಂಬಿಕೊಂಡಿದ್ದಳು, ಕೈ ಬೀಸಿ ನಡೆಯುತ್ತಿದ್ದಳು. ಗೇಟಿನ ಹತ್ತಿರ ತಿರುಗಿ ನೋಡಿದಾಗ, ಮಗುವನ್ನು ಕೇಳಿಯಾಳೇ ಎಂದು ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಅವಳು “ಬರ್ತೀನಿ ದೊಡ್ಡಮ್ಮ” ಎಂದಳಷ್ಟೆ.

“ಕೇಳ್ಲಿಲ್ಲ. ಒಳ್ಳೇದೇ ಆಯ್ತು, ಬದುಕಿಕೊಂಡ್ಳು” ಎನ್ನುತ್ತಾ ದೊಡ್ಡಮ್ಮ ಹೊದಿಕೆ ಮಡಿಸುತ್ತಾರೆ, ಬಲಗೈ ಒಂದರಲ್ಲೇ. ನಿಮಗೇನಾದರೂ ಆಸೆ ಇದೆಯೇ ಎಂದರೆ ನಾಚಿಕೊಳ್ಳುತ್ತಾರೆ.

“ಯಾರಾದ್ರೂ ಒಂದು ಗಳಿಗೆ ಇಸ್ಕೊಂಡ್ರೆ, ಎರಡೂ ಕೈಲಿ ಮುಖ ತೊಳ್ಕೋತಿದ್ದೆ.”