ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆ

ಬೆಳ್ತಂಗಡಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತಿದ್ದೆ. ಪಾಠ ಹೇಳಿ ಮುಗಿಸುವ ಬದಲು ಮಕ್ಕಳೇ ಪ್ರಶ್ನೆ ಕೇಳಿ, ಉತ್ತರವನ್ನೂ ಅವರೇ ಹುಡುಕುವಂತೆ ಮಾಡಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಅದನ್ನು ಸುತ್ತಲಿನ ಶಾಲೆಗಳ ಶಿಕ್ಷಕರ ಎದುರು ಮಾಡಿ ತೋರಿಸುವ ಸರದಿ ನನ್ನದಾಯಿತು.

ತಯಾರಿಗೆ ಎರಡು ವಾರ ಹಿಡಿಯಿತು. ಯಾವ ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ ಎಂಬುದು ವಿಷಯ. ಮಡಂತ್ಯಾರಿನ ಜ್ಯೂಸ್ ಅಂಗಡಿಯಿಂದ ಖಾಲಿ ಬಾಟಲಿ ತಂದು ತಳ ಕತ್ತರಿಸಿದೆ. ಹೊಳೆಯ ಮರಳು, ಗದ್ದೆಯ ಜೇಡಿಮಣ್ಣು, ಶಾಲೆಯ ಹಿಂದಿನ ಕೆಂಪು ಮಣ್ಣು ಎಲ್ಲವನ್ನೂ ಒಣಗಿಸಿ ಪುಡಿ ಮಾಡಿಟ್ಟೆ. ಒಂದೇ ಹೆದರಿಕೆ. ಅಷ್ಟು ಜನರ ಎದುರು ಮಕ್ಕಳು ಬಾಯಿ ಬಿಡದಿದ್ದರೆ? ಹಾಗಾಗಿ ಹಿಂದಿನ ದಿನವೇ ಆರು ಪ್ರಶ್ನೆ ಚೀಟಿಗಳಲ್ಲಿ ಬರೆದು ಆರು ಮಕ್ಕಳ ಕೈಗೆ ಕೊಟ್ಟೆ.

ಅವರಲ್ಲೊಬ್ಬಳ ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದರು. ಅವಳು ಚೀಟಿ ಓದಿ ಮೇಜಿನ ಬಳಿಯೇ ನಿಂತಳು.

“ಟೀಚರ್, ನನ್ನತ್ರ ಬೇರೆ ಪ್ರಶ್ನೆ ಉಂಟು. ಕೋರೆಯಲ್ಲಿ ಕಡಿಯುವಾಗ ಕಲ್ಲು ಮೆತ್ತಗೆ ಇರ್ತದೆ. ಹೊರಗೆ ಇಟ್ಟ ಮೇಲೆ ಗಟ್ಟಿ ಆಗ್ತದೆ. ಯಾಕೆ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ಅದನ್ನು ಮತ್ತೆ ನೋಡುವ. ನಾಳೆ ಚೀಟಿಯಲ್ಲಿದ್ದದ್ದನ್ನೇ ಕೇಳು.”

“ನನ್ನದು ಕೇಳುದು ಬೇಡವಾ?”

“ಬೇಡ.”

ಮರುದಿನ ಅವಳು ಒಂದಕ್ಷರ ತಪ್ಪದೆ ಕೇಳಿದಳು: “ಜೇಡಿಮಣ್ಣಿನಲ್ಲಿ ನೀರು ಬೇಗ ಇಳಿಯುವುದಿಲ್ಲ, ಯಾಕೆ?” ಶಿಕ್ಷಕರು ಚಪ್ಪಾಳೆ ತಟ್ಟಿದರು. ಮಕ್ಕಳೇ ನಡೆಸಿದ ತರಗತಿ ಎಂದು ಹೊಗಳಿದರು. ನಾನು ನಗುತ್ತಾ ನಿಂತಿದ್ದೆ.

ಮತ್ತೆ ನೋಡುವ ಎಂದವಳು ನಾನು ನೋಡಲೇ ಇಲ್ಲ. ಪರೀಕ್ಷೆ, ಕ್ರೀಡಾಕೂಟ ಎಂದು ವರ್ಷ ಮುಗಿಯಿತು. ಅವಳೂ ಪುನಃ ಕೇಳಲಿಲ್ಲ. ಕೋರೆ ಶಾಲೆಯಿಂದ ನಡೆದು ಹೋಗುವಷ್ಟೇ ದೂರ. ಒಂದು ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಿ ಅವಳ ಅಪ್ಪನ ಜೊತೆ ಕೂತಿದ್ದರೆ ಆಗುತ್ತಿತ್ತು. ಅದಕ್ಕೆ ನಾನು ಏನನ್ನೂ ಕತ್ತರಿಸಿ, ಒಣಗಿಸಿ ಇಡಬೇಕಿರಲಿಲ್ಲ.

ಕಳೆದ ವರ್ಷ ಮೂಡಬಿದ್ರೆಯ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಸಮವಸ್ತ್ರದ ಹುಡುಗಿಯೊಬ್ಬಳು ಬಂದು ಎದುರು ನಿಂತಳು. ಅವಳೇ.

“ಟೀಚರ್, ಗುರ್ತ ಸಿಕ್ಕಿತಾ? ಬೇರೆ ಶಾಲೆಯ ಟೀಚರ್‌ಗಳೆಲ್ಲ ಬಂದ ದಿನ ನಾನೊಂದು ಪ್ರಶ್ನೆ ಕೇಳಿದ್ದೆ, ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮನೆಯಲ್ಲಿ ಈಗಲೂ ಹೇಳ್ತೇನೆ.”

“ಯಾವ ಪ್ರಶ್ನೆ?”

“ಜೇಡಿಮಣ್ಣಿನದ್ದು.”

“ಕೋರೆ ಕಲ್ಲಿನದ್ದೊಂದು ಇತ್ತಲ್ಲ ನಿನ್ನದು?”

ಅವಳು ಸ್ವಲ್ಪ ಯೋಚಿಸಿದಳು. “ಇಲ್ಲ ಟೀಚರ್. ಅದು ಬೇರೆ ಯಾರೋ ಇರಬೇಕು.”

ಜೇಡಿಮಣ್ಣಿನ ಪ್ರಶ್ನೆ ನನ್ನದು ಎಂದು ಹೇಳಿಬಿಡಬೇಕೆನಿಸಿತು. ಅವಳ ಮುಖದ ಖುಷಿ ನೋಡಿ ಸುಮ್ಮನಾದೆ. ಅಷ್ಟರಲ್ಲಿ ನಾನು ಕಾಯುತ್ತಿದ್ದ ಬಂಟ್ವಾಳದ ಬಸ್ ಬಂತು. ಅವಳೇ ನನ್ನ ಚೀಲ ತೆಗೆದುಕೊಂಡು ಮುಂದೆ ಹತ್ತಿ, ಕಿಟಕಿ ಬದಿಯ ಸೀಟು ಹಿಡಿದುಕೊಟ್ಟಳು.